ಐದನೆಯ ಕಾರಣ

1984ರ ಜೂನ್ 19ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೂರು ಹೆಸರುಗಳನ್ನು ಒಂದರ ಹಿಂದೊಂದು ಕರೆದರು. ಹ್ಯೂಸ್ಟನ್ ರಾಕೆಟ್ಸ್ ತಂಡಕ್ಕೆ ನೈಜೀರಿಯಾದಿಂದ ಬಂದಿದ್ದ ಹಕೀಮ್ ಒಲಾಜುವಾನ್. ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ತಂಡಕ್ಕೆ ಕೆಂಟಕಿ ವಿಶ್ವವಿದ್ಯಾಲಯದ ಸ್ಯಾಮ್ ಬೂಯಿ. ಶಿಕಾಗೊ ಬುಲ್ಸ್ ತಂಡಕ್ಕೆ ಉತ್ತರ ಕೆರೊಲಿನಾದ ಮೈಕೆಲ್ ಜೋರ್ಡಾನ್. ಮೊದಲನೆಯವರೂ ಮೂರನೆಯವರೂ ಬ್ಯಾಸ್ಕೆಟ್‌ಬಾಲ್ ಇತಿಹಾಸದ ಶಿಖರಗಳಾದರು. ನಡುವಿನವರ ಹೆಸರು ನಾಲ್ಕು ದಶಕಗಳಿಂದ ಅಭಿಮಾನಿಗಳ ಬಾಯಲ್ಲಿ ಬೈಗುಳವಾಗಿ ಉಳಿದಿದೆ. ಯಾವ ತಂಡ ಯಾವ ಹುಡುಗನನ್ನು ಆರಿಸಬೇಕು ಎಂಬ ವಾದ ಪ್ರತಿ ಜೂನ್‌ನಲ್ಲಿ ಕಾವೇರುತ್ತದೆ. ಆಗ ಯಾರಾದರೊಬ್ಬರು ‘ಇನ್ನೊಬ್ಬ ಬೂಯಿ ಬೇಡ’ ಅನ್ನದೆ ಬಿಡುವುದಿಲ್ಲ.

ಬೂಯಿ ಮಾಡಿದ ತಪ್ಪೇನು? ಅವರನ್ನು ಆರಿಸಿದವರ ತಪ್ಪೇನು? ಕೇಳಲು ಇದು ಆಟದ ಪ್ರಶ್ನೆ. ಆದರೆ ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂದು ನಮ್ಮ ಶಾಸ್ತ್ರಗಳು ತಲೆಕೆಡಿಸಿಕೊಂಡದ್ದು, ಫಲ ಕೈಯಲ್ಲಿಲ್ಲದಿದ್ದರೂ ಫಲಕ್ಕಾಗಿ ಮನುಷ್ಯನನ್ನು ಹೊಗಳುವುದು ಬೈಯುವುದು ಸರಿಯೇ ಎಂದು ಪಶ್ಚಿಮದ ತತ್ತ್ವಜ್ಞರು ಕೇಳಿದ್ದು, ಎಲ್ಲವೂ ಈ ಒಂದು ಆಯ್ಕೆಯ ಒಳಗೆ ಇದೆ.

ಅಂದು ಹೆಸರು ಕರೆದದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ. ಡ್ರಾಫ್ಟ್ ಎಂದರೆ ಐಪಿಎಲ್‌ನಂಥ ಹರಾಜಲ್ಲ. ಅಲ್ಲಿ ಯಾರೂ ಹಣ ಕೂಗುವುದಿಲ್ಲ, ತಂಡಗಳು ಸರದಿಯ ಮೇಲೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಸೋತು ಸುಣ್ಣವಾದ ತಂಡಕ್ಕೆ ಮುಂಚಿನ ಸರದಿ ಸಿಗಲಿ ಎಂಬುದು ಮೂಲ ಉದ್ದೇಶ. ಆದರೆ ಮೊಟ್ಟಮೊದಲ ಸರದಿ ಯಾರಿಗೆ ಎಂಬುದನ್ನು ಆ ಕಾಲದಲ್ಲಿ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. 1984ರಲ್ಲಿ ಪೋರ್ಟ್‌ಲ್ಯಾಂಡ್ ಅಷ್ಟೇನೂ ಕೆಟ್ಟ ತಂಡವಾಗಿರಲಿಲ್ಲ. ಇಂಡಿಯಾನಾ ತಂಡಕ್ಕೆ ಸಲ್ಲಬೇಕಿದ್ದ ಸರದಿಯನ್ನು ಕೆಲವು ವರ್ಷಗಳ ಹಿಂದಿನ ಕೊಡುಕೊಳ್ಳುವಿಕೆಯಲ್ಲಿ ಪಡೆದುಕೊಂಡಿತ್ತು. ನಾಣ್ಯ ಹ್ಯೂಸ್ಟನ್ ಕಡೆ ಬಿತ್ತು. ಪೋರ್ಟ್‌ಲ್ಯಾಂಡ್ ಕಡೆ ಬಿದ್ದಿದ್ದರೆ ಒಲಾಜುವಾನ್ ಅಲ್ಲಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಖಚಿತ. ಆಗ ಅದೇ ಅಧಿಕಾರಿಗಳು, ಅದೇ ತಿಳಿವಳಿಕೆಯಿಂದ, ದೂರದೃಷ್ಟಿಯ ಜನ ಎನಿಸಿಕೊಳ್ಳುತ್ತಿದ್ದರು.

ಪೋರ್ಟ್‌ಲ್ಯಾಂಡಿನ ಲೆಕ್ಕಾಚಾರ ಅಂದು ಕುರುಡಾಗಿರಲಿಲ್ಲ. 1977ರಲ್ಲಿ ತಂಡ ಚಾಂಪಿಯನ್ ಆದದ್ದು ಬಿಲ್ ವಾಲ್ಟನ್ ಎಂಬ ಎತ್ತರದ ಸೆಂಟರ್ ಆಟಗಾರನ ಬಲದಿಂದ. ಜೋರ್ಡಾನ್ ಆಡುತ್ತಿದ್ದ ಸ್ಥಾನದಲ್ಲಿ ಆಗಲೇ ಜಿಮ್ ಪ್ಯಾಕ್ಸನ್ ಇದ್ದರು, ಹಿಂದಿನ ವರ್ಷವಷ್ಟೇ ಆರಿಸಿಕೊಂಡಿದ್ದ ಕ್ಲೈಡ್ ಡ್ರೆಕ್ಸ್ಲರ್ ಇದ್ದರು. ಬೇಕಾಗಿದ್ದುದು ಸೆಂಟರ್. ಬೂಯಿ ಏಳು ಅಡಿ ಮೀರಿದ ಎತ್ತರದವರು, ಒಳ್ಳೆಯ ಪಾಸ್ ಕೊಡುವವರು. ಇದ್ದ ಒಂದೇ ಭಯ ಅವರ ಎಡಗಾಲು. ಮೊಣಕಾಲ ಕೆಳಗಿನ ಮೂಳೆಯ ಬಿರುಕಿನಿಂದ ಅವರು ಕಾಲೇಜಿನ ಎರಡು ಸೀಸನ್ ಪೂರ್ತಿ ಕಳೆದುಕೊಂಡಿದ್ದರು. ಅದಕ್ಕಾಗಿಯೇ ತಂಡದ ವೈದ್ಯರು ಅವರನ್ನು ಸುಮಾರು ಏಳು ಗಂಟೆ ಪರೀಕ್ಷಿಸಿದರು. ಅಮೆರಿಕದ ಒಲಿಂಪಿಕ್ ತಂಡದ ಕೋಚ್ ಬಾಬ್ ನೈಟ್, ಸೆಂಟರ್ ಬೇಕಿದ್ದರೆ ಜೋರ್ಡಾನ್‌ರನ್ನೇ ಸೆಂಟರ್ ಆಗಿ ಆಡಿಸಿ ಎಂದು ಪೋರ್ಟ್‌ಲ್ಯಾಂಡ್ ತಂಡದ ಅಧಿಕಾರಿ ಸ್ಟು ಇನ್‌ಮನ್ ಅವರಿಗೆ ಹೇಳಿದ್ದರೆಂಬ ಕತೆ ಇಂದಿಗೂ ಓಡಾಡುತ್ತದೆ. ಇದೊಂದು ದನಿ. ಆದರೆ ಜೋರ್ಡಾನ್‌ರನ್ನು ಆರಿಸಿಕೊಂಡ ಶಿಕಾಗೊದ ರಾಡ್ ಥಾರ್ನ್ ಅವರೇ, ಈತನೊಬ್ಬನಿಂದ ತಂಡದ ಹಣೆಬರಹ ಬದಲಾಗದು ಎಂಬರ್ಥದ ಮಾತನ್ನು ಆ ದಿನಗಳಲ್ಲಿ ಆಡಿದ್ದರು.

ಮುಂದಿನದು ಲೋಕಕ್ಕೆ ಗೊತ್ತು. ಜೋರ್ಡಾನ್ ಆರು ಬಾರಿ ಚಾಂಪಿಯನ್. ಬೂಯಿ ಪೋರ್ಟ್‌ಲ್ಯಾಂಡಿಗಾಗಿ ಆಡಿದ್ದು 139 ಪಂದ್ಯ.

ಇಲ್ಲೊಂದು ಸಂಗತಿಯ ಹತ್ತಿರ ನಿಲ್ಲಬೇಕು. 1985-86ರ ಸೀಸನ್‌ನ ಮೂರನೆಯ ಪಂದ್ಯದಲ್ಲಿ ಜೋರ್ಡಾನ್ ಎಡಪಾದದ ಮೂಳೆ ಮುರಿಯಿತು. ಅವರು 64 ಪಂದ್ಯಗಳಿಂದ ಹೊರಗುಳಿದರು. ಅದೇ ಸೀಸನ್‌ನಲ್ಲಿ ಬೂಯಿಯೂ ಗಾಯಗೊಂಡು 38 ಪಂದ್ಯವಷ್ಟೇ ಆಡಿ ನಿಂತರು. ಒಬ್ಬರ ಮೂಳೆ ಕೂಡಿತು. 1986ರ ಏಪ್ರಿಲ್‌ನಲ್ಲಿ ಬಾಸ್ಟನ್ ವಿರುದ್ಧ ಅವರು ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿದರು. ಇನ್ನೊಬ್ಬರು ಮುಂದಿನ ಸೀಸನ್‌ನಲ್ಲಿ ಐದೇ ಪಂದ್ಯ ಆಡಿದರು, ಅದರ ಮುಂದಿನದರಲ್ಲಿ ಒಂದನ್ನೂ ಆಡಲಿಲ್ಲ. ಜೋರ್ಡಾನ್‌ರ ಛಲ, ಅಭ್ಯಾಸ, ಗೆಲುವಿನ ಹಸಿವು ಯಾವುದೂ ಸುಳ್ಳಲ್ಲ. ಆದರೆ ಮೂಳೆ ಕೂಡುವುದು ಛಲದಿಂದಲ್ಲ. ಶಿಕಾಗೊದ ಜಾಣತನ ಪೋರ್ಟ್‌ಲ್ಯಾಂಡಿನ ಮೂರ್ಖತನ ಎಂದು ಇಂದು ನಾವು ಕರೆಯುವುದರ ಒಂದು ದೊಡ್ಡ ಪಾಲು, ಯಾರ ಇಚ್ಛೆಗೂ ಒಳಪಡದ ಎರಡು ಮೂಳೆಗಳ ನಡತೆ.

ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗಲ್ 1976ರಲ್ಲಿ ಇದೇ ಗಂಟನ್ನು ಬಿಚ್ಚಲು ಹೊರಟವರು. ಮನುಷ್ಯನ ಹತೋಟಿಯಲ್ಲಿ ಇಲ್ಲದ್ದಕ್ಕೆ ಅವನನ್ನು ದೂಷಿಸಬಾರದು ಎಂದು ಎಲ್ಲರೂ ಒಪ್ಪುತ್ತೇವೆ. ಆದರೂ ದಿನವೂ ಮಾಡುವುದು ಅದನ್ನೇ. ಕುಡಿದು ಗಾಡಿ ಓಡಿಸಿದ ಇಬ್ಬರಲ್ಲಿ ಒಬ್ಬನ ದಾರಿಗೆ ಜನ ಅಡ್ಡ ಬಂದರೆ ಅವನು ಕೊಲೆಗಡುಕ, ಇನ್ನೊಬ್ಬನ ದಾರಿ ಖಾಲಿಯಿದ್ದರೆ ಅವನು ಬರೀ ಅಜಾಗರೂಕ. ಇದನ್ನು ನೈತಿಕ ಅದೃಷ್ಟ ಎಂದು ಅವರು ಕರೆದರು. ನೇಗಲ್ ಈ ವಿಚಾರವನ್ನು ಎಳೆದ ಹಾಗೆಲ್ಲ ಫಲ ಮಾತ್ರವಲ್ಲ, ಸಂದರ್ಭವೂ ಸ್ವಭಾವವೂ ಅದೃಷ್ಟದ ಪಾಲಾಗಿ, ಕಡೆಗೆ ಕರ್ತೃ ಎಂದು ಬೆರಳು ಮಾಡಿ ತೋರಿಸಲು ಬಿಂದುವಿನಷ್ಟು ಜಾಗವೂ ಉಳಿಯದಂತಾಗುತ್ತದೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಈ ಕಡೆ ನೋಡುವ ರೀತಿ ಹೆಚ್ಚು ಸಮತೂಕದ್ದು. ಯಾವುದೇ ಕರ್ಮ ನಡೆಯಲು ಅಲ್ಲಿ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆ, ಐದನೆಯದು ದೈವ. ಅಧಿಷ್ಠಾನವೆಂದರೆ ಶರೀರ ಎಂದು ಶಂಕರರು ವಿವರಿಸುತ್ತಾರೆ. ದೈವವೆಂದರೆ ಅವರ ಪ್ರಕಾರ ಇಂದ್ರಿಯಗಳ ಅಧಿದೇವತೆಗಳು. ರಾಮಾನುಜರ ಪ್ರಕಾರ ಒಳಗೆ ನಿಂತು ನಡೆಸುವ ಪರಮಾತ್ಮ. ವ್ಯಾಖ್ಯಾನ ಬೇರೆಯಾದರೂ ಪಟ್ಟಿ ಅದೇ. ಅದರಲ್ಲಿ ಕರ್ತೃ ಇದ್ದಾನೆ, ಅವನನ್ನು ಅಳಿಸಿಲ್ಲ. ಆದರೆ ಅವನು ಐವರಲ್ಲಿ ಒಬ್ಬ. ಹೀಗಿದ್ದೂ ತಾನೊಬ್ಬನೇ ಕರ್ತೃ ಎಂದು ಕಾಣುವವನು ಸರಿಯಾಗಿ ಕಾಣುತ್ತಿಲ್ಲ ಎಂದು ಆ ಅಧ್ಯಾಯ ಮುಂದುವರಿಯುತ್ತದೆ. ಇದು ಮಾಡುವವನಿಗೆ ಹೇಳಿದ ಮಾತು. ನೋಡುವವನಿಗೂ ತೀರ್ಪು ಕೊಡುವವನಿಗೂ ಇದು ಅಷ್ಟೇ ಸಲ್ಲಬೇಕು. ಡ್ರಾಫ್ಟ್ ಮುಗಿದು ಹತ್ತು ವರ್ಷವಾದ ಮೇಲೆ ಅಭಿಮಾನಿಗಳು ನಡೆಸುವ ವಿಚಾರಣೆಯಲ್ಲಿ ಐದು ಕಾರಣಗಳ ಪೂರ್ತಿ ಹೊರೆಯನ್ನು ಒಂದರ ತಲೆಗೇ ಕಟ್ಟಲಾಗುತ್ತದೆ.

ಇದಕ್ಕೆ ಎದುರುನುಡಿಯೂ ನಮ್ಮಲ್ಲೇ ಇದೆ. ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ದೈವವೆಂಬುದೇ ಇಲ್ಲ ಎನ್ನುತ್ತಾರೆ. ಹಿಂದೆ ತಾನೇ ಮಾಡಿದ ಪ್ರಯತ್ನದ ಫಲವನ್ನು ಜನ ದೈವ ಎನ್ನುತ್ತಾರೆ, ಇಂದಿನ ಗಟ್ಟಿ ಪ್ರಯತ್ನದಿಂದ ಅದನ್ನು ಗೆಲ್ಲಬಹುದು ಎಂಬುದು ಅಲ್ಲಿನ ವಾದ. ವಿಷಾದದಲ್ಲಿ ಮುಳುಗಿದ್ದ ರಾಜಕುಮಾರನನ್ನು ಎಬ್ಬಿಸಿ ನಿಲ್ಲಿಸಲು ಇಷ್ಟು ಬಲವಾದ ಔಷಧ ಬೇರೆ ಇರಲಾರದು. ಆದರೆ ಅದೇ ಮಾತನ್ನು ಗಾಯಗೊಂಡು ಮಲಗಿದವನ ಮೇಲೆ ಹೊರಗಿನವರು ಹೇರಿದರೆ ಅದು ಕ್ರೌರ್ಯ. ಕರ್ಮಸಿದ್ಧಾಂತ ತನ್ನ ಬಗ್ಗೆ ತಾನು ಹೇಳಿಕೊಂಡಾಗ ವಿವೇಕ. ಇನ್ನೊಬ್ಬರ ಮೇಲೆ ಹೂಡಿದಾಗ ಬಹಳ ಸಲ ಅದು ಆರೋಪಪಟ್ಟಿ. ‘ಬಸ್ಟ್’, ಅಂದರೆ ದಂಡವಾದ ಆಯ್ಕೆ, ಎಂದು ಒಬ್ಬ ಆಟಗಾರನನ್ನು ಕರೆದು ಕೈತೊಳೆದುಕೊಳ್ಳುವುದೂ ಇಂಥದ್ದೇ. ಮುರಿದದ್ದು ಕಾಲು, ಕೆಟ್ಟವನೆಂದು ಮುದ್ರೆ ಬಿದ್ದದ್ದು ಮನುಷ್ಯನಿಗೆ.

ಪೋರ್ಟ್‌ಲ್ಯಾಂಡಿಗೆ ಈ ಪ್ರಶ್ನೆ ಎರಡನೆಯ ಸಲವೂ ಬಂತು. 2007ರಲ್ಲಿ, ನಾಣ್ಯದ ಜಾಗಕ್ಕೆ ಬಂದಿದ್ದ ಲಾಟರಿಯಲ್ಲಿ, ಶೇ 5.3ರಷ್ಟು ಮಾತ್ರ ಅವಕಾಶವಿದ್ದ ಅದೇ ತಂಡಕ್ಕೆ ಮೊದಲ ಸರದಿ ಒಲಿಯಿತು. ಒಹಾಯೊ ಸ್ಟೇಟ್‌ನ ಏಳು ಅಡಿಯ ಗ್ರೆಗ್ ಓಡೆನ್ ಬೇಕೋ, ಟೆಕ್ಸಸ್‌ನ ಕೆವಿನ್ ಡುರಾಂಟ್ ಬೇಕೋ ಎಂದು ಊರೆಲ್ಲ ಎರಡಾಯಿತು. ವಾದಗಳು ಪೊಳ್ಳಾಗಿರಲಿಲ್ಲ. ಬಲ ಮಣಿಕಟ್ಟಿನ ಪೆಟ್ಟಿನಿಂದಾಗಿ ಓಡೆನ್ ಎಡಗೈಯಲ್ಲಿ ಫ್ರೀ ಥ್ರೋ ಹಾಕುತ್ತಿದ್ದವರು. ಅಂಥವರು ಕಾಲೇಜು ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ತಂಡ ಸೋತರೂ 25 ಅಂಕ ಗಳಿಸಿದ್ದರು. ಡುರಾಂಟ್ ಅಂಕ ಗಳಿಸುವುದರಲ್ಲಿ ಅಸಾಮಾನ್ಯ, ಆದರೆ ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ 185 ಪೌಂಡಿನ ಭಾರವನ್ನು ಒಂದು ಸಲವೂ ಎತ್ತಲಾಗದೆ ಹೋದ ತೆಳ್ಳನೆಯ ಹುಡುಗ. ಪೋರ್ಟ್‌ಲ್ಯಾಂಡ್ ಓಡೆನ್‌ರನ್ನು ಆರಿಸಿತು. ಬಹುಪಾಲು ತಜ್ಞರೂ ಅದನ್ನೇ ಹೇಳುತ್ತಿದ್ದರು. ಮೂರು ತಿಂಗಳಲ್ಲಿ ಓಡೆನ್ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆ, ಮೊದಲ ಸೀಸನ್ ಇಡೀ ಖಾಲಿ. 2009ರ ಡಿಸೆಂಬರ್‌ನಲ್ಲಿ ಎಡಮೊಣಕಾಲ ಚಿಪ್ಪು ಒಡೆಯಿತು. ಪೋರ್ಟ್‌ಲ್ಯಾಂಡಿಗೆ ಅವರು ಆಡಿದ್ದು ಒಟ್ಟು 82 ಪಂದ್ಯ, ಅಂದರೆ ಒಂದು ಸೀಸನ್‌ನಷ್ಟು. ಡುರಾಂಟ್ 2014ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರರಾದರು.

ಹಾಗಾದರೆ ‘ಸರಿಯಾದ’ ಹುಡುಗನನ್ನು ಪಡೆದ ಸಿಯಾಟಲ್ ಗೆದ್ದಿತೇ? ಡುರಾಂಟ್ ಅಲ್ಲಿ ಆಡಿದ್ದು ಒಂದೇ ಸೀಸನ್. 2008ರಲ್ಲಿ ಸಿಯಾಟಲ್ ಸೂಪರ್‌ಸಾನಿಕ್ಸ್ ತಂಡವನ್ನೇ ಮಾಲೀಕರು ಒಕ್ಲಹೋಮಾ ಸಿಟಿಗೆ ಸಾಗಿಸಿದರು. ಆರಿಸಿದ್ದು ಸರಿ, ಸಿಕ್ಕಿದ್ದೂ ರತ್ನ, ಆದರೆ ಊರಿಗೆ ತಂಡವೇ ಇಲ್ಲ. ಇತ್ತ ‘ತಪ್ಪು’ ಆಯ್ಕೆಯ ಕತೆಯೂ ಜನ ನಿಲ್ಲಿಸುವಲ್ಲಿ ನಿಲ್ಲುವುದಿಲ್ಲ. 1989ರಲ್ಲಿ ಪೋರ್ಟ್‌ಲ್ಯಾಂಡ್ ಬೂಯಿಯನ್ನು ನ್ಯೂಜೆರ್ಸಿಗೆ ಕೊಟ್ಟು ಬಕ್ ವಿಲಿಯಮ್ಸ್‌ರನ್ನು ತಂದುಕೊಂಡಿತು. ಆ ವಿಲಿಯಮ್ಸ್ ಜೊತೆಗೂಡಿ ತಂಡ 1990ರಲ್ಲೂ 1992ರಲ್ಲೂ ಫೈನಲ್ ತಲುಪಿತು. ಫಲವನ್ನು ಅಳೆಯುವವರು ಯಾವ ವರ್ಷ ಲೆಕ್ಕ ಮುಗಿಸಬೇಕು? ಫಲ ಮುಂದೆ ಹರಿಯುತ್ತಲೇ ಇರುತ್ತದೆ, ಅದರ ಮೇಲೆ ತೀರ್ಪು ನಿಲ್ಲಿಸಲು ಹೊರಟವರ ಕಾಲಕೆಳಗಿನ ನೆಲವೂ ಜಾರುತ್ತಲೇ ಇರುತ್ತದೆ.

ಡ್ರಾಫ್ಟ್‌ಗೆ ಮುಂಚೆ ನಡೆಯುವ ವಾದ ಬೇರೆ ಜಾತಿಯದು, ಗೌರವಕ್ಕೆ ಅರ್ಹವಾದದ್ದು. ಅಲ್ಲಿ ಎಲ್ಲರೂ ಕತ್ತಲಲ್ಲೇ ನಿಂತಿರುತ್ತಾರೆ, ಕಾರಣ ಕೊಟ್ಟು ಮಾತಾಡಬೇಕಾಗುತ್ತದೆ. ಈ ಹುಡುಗನ ‘ಸೀಲಿಂಗ್’ ಎಷ್ಟು, ಅಂದರೆ ಹೆಚ್ಚೆಂದರೆ ಎಲ್ಲಿಗೆ ಏರಬಲ್ಲ ಎಂದು ಅವರು ಹಗಲೂ ರಾತ್ರಿ ಜಗಳವಾಡುತ್ತಾರೆ. ಈ ಕಲ್ಪನೆಗೆ ತೀರಾ ಹತ್ತಿರದ ಸಿದ್ಧಾಂತವೊಂದು ಉಡುಪಿಯ ಮಧ್ವಾಚಾರ್ಯರದು. ಪ್ರತಿ ಜೀವಕ್ಕೂ ಅದರದೇ ಆದ ಅನಾದಿ ಯೋಗ್ಯತೆ ಇದೆ, ಜೀವ ಜೀವಕ್ಕೂ ತಾರತಮ್ಯವಿದೆ, ಸಾಧನೆಯಿಂದ ಪ್ರಕಟವಾಗುವುದು ಒಳಗೆ ಇದ್ದದ್ದೇ ಎಂದು ದ್ವೈತ ಹೇಳುತ್ತದೆ. ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಆ ದರ್ಶನದಲ್ಲೂ ಯೋಗ್ಯತೆಯನ್ನು ಪೂರ್ತಿಯಾಗಿ ಬಲ್ಲವನು ಹರಿಯೇ ಹೊರತು ಪಕ್ಕದ ಮನೆಯವನಲ್ಲ. ಮಿತಿ ಇದೆ ಎಂಬ ನಂಬಿಕೆಯಿಂದ ಆ ಮಿತಿ ತನಗೆ ಕಾಣುತ್ತದೆ ಎಂಬ ನಂಬಿಕೆಗೆ ಹಾರುವುದು ಸುಲಭ. ಪೆಟ್ಟು ಬೀಳುವುದು ಅಲ್ಲಿಯೇ. 2014ರಲ್ಲಿ ಸರ್ಬಿಯಾದ ನಿಕೋಲಾ ಯೋಕಿಚ್ ಹೆಸರು ಬಂದದ್ದು 41ನೆಯದಾಗಿ. ಅಮೆರಿಕದ ಟಿವಿಯಲ್ಲಿ ಆ ಹೊತ್ತಿಗೆ ಜಾಹೀರಾತು ಓಡುತ್ತಿತ್ತು. ಯೋಕಿಚ್ ಮುಂದೆ ಮೂರು ಸಲ ಲೀಗ್‌ನ ಅತ್ಯುತ್ತಮ ಆಟಗಾರರಾದರು, 2023ರಲ್ಲಿ ಡೆನ್ವರ್‌ಗೆ ಮೊದಲ ಚಾಂಪಿಯನ್ ಪಟ್ಟ ತಂದರು. ಅವರ ಯೋಗ್ಯತೆ ಎಂಥದೆಂದು ಲೀಗ್‌ನ ಯಾವ ತಂಡಕ್ಕೂ ಆ ರಾತ್ರಿ ತಿಳಿದಿರಲಿಲ್ಲ. ಆರಿಸಿಕೊಂಡ ಡೆನ್ವರ್ ಕೂಡ ಅವರಿಗಿಂತ ಮೊದಲು ಬೇರೆಯವರನ್ನು ತೆಗೆದುಕೊಂಡಿತ್ತು.

ಎಲ್ಲವೂ ದೈವ ಎಂದು ಬಿಟ್ಟುಬಿಡುವ ಹಾಗೂ ಇಲ್ಲ. ಬೂಯಿಯ ಕತೆಯಲ್ಲಿ ನಿಜವಾಗಿ ನೈತಿಕವಾದ ಒಂದು ಗಳಿಗೆ ಇದೆ. ಜೋರ್ಡಾನ್‌ರನ್ನು ಬಿಟ್ಟದ್ದರ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. 2012ರಲ್ಲಿ ಇಎಸ್‌ಪಿಎನ್ ಮಾಡಿದ ಸಾಕ್ಷ್ಯಚಿತ್ರದಲ್ಲಿ ಬೂಯಿ ತಾವಾಗಿ ಹೇಳಿದ ಸಂಗತಿ ಇದು. ಪೋರ್ಟ್‌ಲ್ಯಾಂಡಿನ ವೈದ್ಯರು ಸಣ್ಣ ಸುತ್ತಿಗೆಯಿಂದ ಎಡಗಾಲ ಮೂಳೆಯನ್ನು ತಟ್ಟಿ ನೋವಿದೆಯೇ ಎಂದು ಕೇಳಿದಾಗ, ಅವರು ಏನೂ ಅನಿಸುತ್ತಿಲ್ಲ ಎಂದರು. ಒಳಗೆ ನೋಯುತ್ತಿತ್ತು.

ಆಗ ಅವರಿಗೆ 23 ವರ್ಷ. ಎರಡು ವರ್ಷ ಆಟವಿಲ್ಲದೆ ಕಳೆದಿದ್ದವರು, ನಿಜ ಹೇಳಿದ್ದರೆ ಬದುಕೇ ಕೈತಪ್ಪಬಹುದಿತ್ತು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕತೆ ಹೇಳುತ್ತಾನೆ. ಸತ್ಯವ್ರತದ ಹಟದಿಂದ ಅಡಗಿಕೊಂಡವರ ಜಾಡನ್ನು ಕಳ್ಳರಿಗೆ ತಿಳಿಸಿ ಪಾಪಕ್ಕೆ ಬಿದ್ದವನು ಅವನು. ಆದರೆ ಆ ಕತೆ ಬೂಯಿಯನ್ನು ಪೂರ್ತಿ ಬಿಡಿಸುವುದಿಲ್ಲ. ಅಲ್ಲಿ ಸುಳ್ಳು ಕಾಯಬಹುದಾಗಿದ್ದುದು ಬೇರೆಯವರ ಪ್ರಾಣವನ್ನು, ಇಲ್ಲಿ ಕಾದದ್ದು ತನ್ನ ಅನ್ನವನ್ನು. ಹಾಗೆಂದು ಇದನ್ನು ಬರೀ ಮೋಸ ಎನ್ನುವುದೂ ಅನ್ಯಾಯ. ಡ್ರಾಫ್ಟ್‌ನಲ್ಲಿ ಆರಿಸುವ ಹಕ್ಕು ತಂಡದ್ದು ಮಾತ್ರ. ಯಾವ ಊರಿಗೆ ಹೋಗಬೇಕು, ಯಾರ ಕೈಕೆಳಗೆ ಆಡಬೇಕು ಎಂದು ಹುಡುಗನನ್ನು ಕೇಳುವವರಿಲ್ಲ. ಎಲ್ಲ ಅಧಿಕಾರ ಒಂದು ಕಡೆ ಇದ್ದು ಎಲ್ಲ ಪಾರದರ್ಶಕತೆಯನ್ನು ಇನ್ನೊಂದು ಕಡೆಯಿಂದ ಬೇಡುವ ಕೋಣೆ ಅದು.

2023ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದ ಈ ಕೋಣೆಯ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದೆ. ಡ್ರಾಫ್ಟ್‌ಗೆ ಮುಂಚಿನ ಶಿಬಿರಕ್ಕೆ ಕರೆ ಬಂದವರು ಈಗ ವೈದ್ಯಕೀಯ ತಪಾಸಣೆಯನ್ನು ನಿರಾಕರಿಸುವಂತಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ತನ್ನ ನೋವಿನ ಬಗ್ಗೆ ಎಷ್ಟು ಹೇಳಬೇಕು, ನೋವು ಹೇಳಿಕೊಂಡವನ ಅನ್ನ ಕಿತ್ತುಕೊಳ್ಳದ ಹಾಗೆ ತಂಡಗಳು ಏನು ಮಾಡಬೇಕು ಎಂಬುದರ ಮೇಲೆ ಅಭಿಮಾನಿಗಳು ಮುಂದಿನ ಜೂನ್‌ನಲ್ಲಿ ಜಗಳವಾಡಿದರೆ ಅದು ನ್ಯಾಯವಾದ ಜಗಳ. ಅಲ್ಲಿ ದೂರಲು ಕರ್ತೃಗಳಿದ್ದಾರೆ, ಬದಲಿಸಲು ನಿಯಮಗಳಿವೆ. ಬೂಯಿಯ ಮೂಳೆಯನ್ನೂ ಓಡೆನ್‌ರ ಮೊಣಕಾಲನ್ನೂ ಆ ಕಟಕಟೆಯಿಂದ ಇಳಿಸಿ ಕಳಿಸಬೇಕು. ಓಡೆನ್ ಆಟ ಮುಗಿಸಿದ ಮೇಲೆ ಒಹಾಯೊ ಸ್ಟೇಟ್‌ಗೆ ವಾಪಸಾಗಿ, ಅರ್ಧಕ್ಕೆ ಬಿಟ್ಟಿದ್ದ ಪದವಿಯನ್ನು 2019ರಲ್ಲಿ ಮುಗಿಸಿದರು.