ಸಾಕೆಂಬ ಅಳತೆ: ಹಳೆಯ ಗೇಮ್ ಕನ್ಸೋಲಿನ ಎಸ್‌ಎಸ್‌ಡಿ ಮತ್ತು ಶರಣರ ಮಿತಿವಿಚಾರ

ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಯನ್ನು ಭಾರತೀಯ ಧರ್ಮಚಿಂತನೆ ಬಹುಮಟ್ಟಿಗೆ ಅನ್ನ, ವಸ್ತ್ರ, ಹೊನ್ನು, ಭೂಮಿಗಳ ಸಂದರ್ಭದಲ್ಲಿ ಕೇಳಿಕೊಂಡು ಬಂದಿದೆ. ಯಂತ್ರದ ವೇಗ ಮತ್ತು ಸಂಗ್ರಹಶಕ್ತಿಯನ್ನು ಕುರಿತು ಅದೇ ಪ್ರಶ್ನೆ ಕೇಳಬೇಕಾದ ಪ್ರಸಂಗ ಈಚಿನದು. ತೊಗರಿಯ ವಹಿವಾಟಿಗೆ ಹೆಸರಾದ ಕಲಬುರಗಿಯ ನೆಹರು ಗಂಜಿನಲ್ಲಿ, ಅಂದರೆ ಅಡತ್ ಅಂಗಡಿಗಳು, ಗೋದಾಮುಗಳು ಮತ್ತು ಹಮಾಲರ ದುಡಿಮೆ ಒಂದೆಡೆ ಸೇರಿದ ಧಾನ್ಯಪೇಟೆಯಲ್ಲಿ, ಸಂಗ್ರಹವೆಂಬುದು ದಿನನಿತ್ಯದ ವ್ಯವಹಾರ. ಅಂಥ ಪೇಟೆಯ ಮನೆಯೊಂದರಲ್ಲಿ ಹತ್ತು ವರ್ಷ ದಾಟಿದ ಪ್ಲೇಸ್ಟೇಷನ್ 4 ಇದ್ದು, ಅದರ ಹಾರ್ಡ್ ಡಿಸ್ಕ್ ಸೋತಿದೆ ಎಂದು ಇಟ್ಟುಕೊಂಡರೆ, ಹೊಸ ಕನ್ಸೋಲ್ ಕೊಳ್ಳದೆ ಕಡಿಮೆ ಖರ್ಚಿನ ಎಸ್‌ಎಸ್‌ಡಿಯೊಂದನ್ನು ಹಾಕಿಸುವ ನಿರ್ಧಾರದಲ್ಲಿ ಆ ಹಳೆಯ ಪ್ರಶ್ನೆಯ ಮುಖ್ಯ ಎಳೆಗಳೆಲ್ಲ ಬಂದು ಕೂಡುತ್ತವೆ. ಸಾಕು ಎಂಬ ತೀರ್ಮಾನಕ್ಕೆ ಆಸೆಯನ್ನು ಅದುಮುವ ಬಲಕ್ಕಿಂತ, ಬಳಕೆಯ ಉದ್ದೇಶವೇನು, ಬಳಸುವ ವಸ್ತುವಿನ ಅಳವೆಷ್ಟು ಎಂಬ ಅರಿವೇ ಆಧಾರ ಎಂಬುದು ಈ ಪ್ರಬಂಧದ ವಾದ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಈ ಪ್ರಶ್ನೆಗೆ ಅತ್ಯಂತ ನೇರವಾಗಿ ಮುಖಕೊಟ್ಟವರು ಆಯ್ದಕ್ಕಿ ಮಾರಯ್ಯ ಮತ್ತು ಆಯ್ದಕ್ಕಿ ಲಕ್ಕಮ್ಮ ದಂಪತಿ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರ ಕಾಯಕ, ಅಂದರೆ ಪೂಜೆಯಷ್ಟೇ ಪವಿತ್ರವೆಂದು ಕೈಗೊಂಡ ದುಡಿಮೆ, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ಜಂಗಮರಿಗೆ ಉಣಬಡಿಸುವುದಾಗಿತ್ತು. ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರೆಂದು ಶರಣ ಪರಂಪರೆ ನಿರೂಪಿಸುತ್ತದೆ. ಈ ಪ್ರಸಂಗವನ್ನು ಬಡತನದ ಹೊಗಳಿಕೆಯೆಂದು ಓದುವವರುಂಟು. ಆದರೆ ಲಕ್ಕಮ್ಮ ಅಕ್ಕಿಯನ್ನೇ ಬೇಡವೆನ್ನಲಿಲ್ಲ, ಅಂದಿನ ದಾಸೋಹಕ್ಕೆ, ಅಂದರೆ ಬಂದವರಿಗೆ ಉಣಬಡಿಸುವ ಸೇವೆಗೆ, ಬೇಕಾದದ್ದನ್ನು ಉಳಿಸಿಕೊಂಡು ಮಿಕ್ಕಿದ್ದನ್ನಷ್ಟೇ ನಿರಾಕರಿಸಿದರು. ಹಾಗೆ ಬೇರ್ಪಡಿಸಬೇಕಾದರೆ ಎಷ್ಟು ಮಂದಿ ಉಣ್ಣುತ್ತಾರೆ, ಎಷ್ಟು ಅಕ್ಕಿ ಬೇಯಿಸಿದರೆ ಅಷ್ಟು ಮಂದಿಗಾಗುತ್ತದೆ ಎಂಬ ಲೆಕ್ಕ ಆಕೆಗೆ ಮೊದಲೇ ತಿಳಿದಿರಬೇಕು. ಅಳತೆ ತಿಳಿಯದವನ ನಿರಾಕರಣೆ ಒಂದೋ ಅಂಜಿಕೆ, ಇಲ್ಲವೇ ಆಡಂಬರ; ತಿಳಿದವಳ ನಿರಾಕರಣೆ ಮಾತ್ರ ವಿವೇಕ.

ಯಂತ್ರದ ವಿಷಯದಲ್ಲಿ ಆ ಲೆಕ್ಕವನ್ನು ಮಾಡುವುದಾದರೆ ಅದರ ಒಳರಚನೆಯನ್ನು ತಿಳಿಯಬೇಕಾಗುತ್ತದೆ. 2013ರ ನವೆಂಬರಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 4ರಲ್ಲಿ ಇದ್ದದ್ದು 500 ಜಿಬಿ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಎಂದರೆ ನಿಮಿಷಕ್ಕೆ 5400 ಸುತ್ತು ತಿರುಗುವ ಕಾಂತೀಯ ತಟ್ಟೆಗಳ ಮೇಲೆ ಮಾಹಿತಿಯನ್ನು ಬರೆದಿಟ್ಟು, ಬೇಕಾದಾಗ ಚಲಿಸುವ ತೋಳೊಂದು ಆ ಜಾಗಕ್ಕೆ ಹೋಗಿ ಓದಿ ತರುವ ಸಾಧನ. ಆಟವೊಂದರ ಸಾವಿರಾರು ಸಣ್ಣ ಕಡತಗಳು ಚದುರಿ ಬಿದ್ದಿದ್ದರೆ ಪ್ರತಿಯೊಂದಕ್ಕೂ ತೋಳು ಹೋಗಿ ತಲುಪಲು ಹತ್ತಾರು ಮಿಲಿಸೆಕೆಂಡುಗಳು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಚಲಿಸುವ ತೋಳೂ ಇಲ್ಲ. ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶದ ರೂಪದಲ್ಲಿ ಮಾಹಿತಿ ಉಳಿಯುವುದರಿಂದ ಹುಡುಕಾಟಕ್ಕೆ ಮಿಲಿಸೆಕೆಂಡಿನ ಸಣ್ಣ ಭಾಗ ಸಾಕಾಗುತ್ತದೆ. ಈ ಕನ್ಸೋಲಿನ ಡಿಸ್ಕನ್ನು ಬಳಕೆದಾರನೇ ಬದಲಿಸಲು ತಯಾರಕರು ಅವಕಾಶ ಕೊಟ್ಟಿದ್ದಾರೆ, 2.5 ಇಂಚು ಅಳತೆಯ, 9.5 ಮಿಲಿಮೀಟರಿಗಿಂತ ದಪ್ಪವಲ್ಲದ, ಸಾಟಾ ಜೋಡಣೆಯ ಯಾವುದೇ ಸಾಮಾನ್ಯ ಡಿಸ್ಕ್ ಅದಕ್ಕೆ ಒಪ್ಪುತ್ತದೆ.

ಸಾಟಾ ಎಂದರೆ ಡಿಸ್ಕಿಗೂ ಯಂತ್ರದ ಉಳಿದ ಭಾಗಕ್ಕೂ ನಡುವಿನ ಮಾಹಿತಿಯ ದಾರಿ, ಮತ್ತು ಇಲ್ಲಿನ ತತ್ತ್ವವಿಚಾರಕ್ಕೆ ಮುಖ್ಯವಾದ ಮಿತಿ ಇರುವುದು ಆ ದಾರಿಯಲ್ಲಿಯೇ. 2013ರ ಮಾದರಿಯಲ್ಲಿ ಈ ದಾರಿಯ ಗರಿಷ್ಠ ವೇಗ ಸೆಕೆಂಡಿಗೆ 3 ಗಿಗಾಬಿಟ್. ಒಂದು ಬೈಟನ್ನು ಸಾಗಿಸಲು ಇಲ್ಲಿ ಹತ್ತು ಬಿಟ್‌ಗಳು ಖರ್ಚಾಗುವುದರಿಂದ ಅದು ಸೆಕೆಂಡಿಗೆ ಹೆಚ್ಚೆಂದರೆ 300 ಎಂಬಿ ಆಗುತ್ತದೆ. 2016ರ ಪ್ರೊ ಮಾದರಿಯಲ್ಲಿ ಈ ಮಿತಿ ಎರಡು ಪಟ್ಟು. ಮಾರುಕಟ್ಟೆಯ ಸಾಧಾರಣ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿಗೂ ಮೀರಿ ಓದಬಲ್ಲದು, ಅಂದರೆ ಹಳೆಯ ಮಾದರಿಯ ದಾರಿ ಹೊರಬಲ್ಲದ್ದಕ್ಕಿಂತ ಹೆಚ್ಚಿನ ಶಕ್ತಿ ಅಗ್ಗದ ಡಿಸ್ಕಿನಲ್ಲಿಯೂ ಇದೆ. ದುಬಾರಿ ಡಿಸ್ಕಿನ ಹೆಚ್ಚುವರಿ ವೇಗಕ್ಕೆ ತೆತ್ತ ಹಣ ಆ ದಾರಿಯ ಬಾಗಿಲಲ್ಲಿಯೇ ನಿಂತುಬಿಡುತ್ತದೆ. ಹೊಸ ಕನ್ಸೋಲುಗಳಲ್ಲಿ ಬಳಸುವ ಎನ್‌ವಿಎಂಇ ಎಂಬ ಪಟ್ಟಿಯಾಕಾರದ ಡಿಸ್ಕ್ ಇನ್ನೂ ಹಲವು ಪಟ್ಟು ವೇಗದ್ದಾದರೂ ಅದನ್ನು ಕೂರಿಸುವ ಜಾಗವೇ ಇಲ್ಲಿಲ್ಲ. ಕೆರೆ ಎಷ್ಟೇ ತುಂಬಿದ್ದರೂ ಕೊಡದಲ್ಲಿ ಹಿಡಿಯುವುದು ಕೊಡದಷ್ಟೇ ನೀರು ಎಂಬ ಸರಳ ಸಂಗತಿಯನ್ನು ತಿಳಿದವನಿಗೆ ದುಬಾರಿ ಡಿಸ್ಕನ್ನು ಬಿಡುವುದು ತ್ಯಾಗವಾಗಿ ತೋರುವುದಿಲ್ಲ. ತ್ಯಾಗವೆಂದು ತೋರುವುದು ಮಿತಿಯನ್ನು ತಿಳಿಯದವನಿಗೆ ಮಾತ್ರ.

ಉದ್ದೇಶವನ್ನು ಕುರಿತ ಎರಡನೆಯ ವಿಚಾರಕ್ಕೆ ಬೌದ್ಧ ಪರಂಪರೆ ನೆರವಾಗುತ್ತದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಸನ್ನತಿ ಮತ್ತು ಕನಗನಹಳ್ಳಿಗಳಲ್ಲಿ ದೊರೆತ ಸ್ತೂಪದ ಅವಶೇಷಗಳು ಈ ಪರಂಪರೆ ಈ ನೆಲದಲ್ಲಿ ಆಳವಾಗಿ ಬೇರೂರಿದ್ದನ್ನು ತೋರಿಸುತ್ತವೆ. ಚೀವರ, ಭಿಕ್ಷಾನ್ನ, ವಸತಿ, ಔಷಧ ಎಂಬ ನಾಲ್ಕನ್ನು ಬಳಸುವ ಮೊದಲು ಅವು ಯಾತಕ್ಕೆ ಎಂಬುದನ್ನು ಭಿಕ್ಷು ನೆನೆಯಬೇಕು, ಚಳಿ ಬಿಸಿಲುಗಳನ್ನು ತಡೆಯಲು ಚೀವರವೇ ಹೊರತು ಅಲಂಕಾರಕ್ಕಲ್ಲ ಎಂದು ತಿಳಿದು ಉಡಬೇಕು ಎಂಬುದು ಅಲ್ಲಿನ ಸಾಧನಾಕ್ರಮ. ಈ ಕ್ರಮವನ್ನು ಡಿಸ್ಕಿಗೆ ಅನ್ವಯಿಸಿದರೆ ಸಿಗುವ ಉತ್ತರ ಸ್ಪಷ್ಟ: ಎಸ್‌ಎಸ್‌ಡಿ ಹಾಕಿಸಿದರೆ ಆಟ ತೆರೆದುಕೊಳ್ಳುವ ಕಾಯುವಿಕೆ ಕಡಿಮೆಯಾಗುತ್ತದೆ, ಆದರೆ ಚಿತ್ರವನ್ನು ರೂಪಿಸುವ ಕೆಲಸ ಬೇರೆ ಚಿಪ್ಪಿನದಾದ್ದರಿಂದ ಪರದೆಯ ಮೇಲಿನ ಚಿತ್ರದ ಸೊಗಸಾಗಲಿ ಚಲನೆಯ ನಯವಾಗಲಿ ಬಹುಮಟ್ಟಿಗೆ ಮೊದಲಿನಂತೆಯೇ ಉಳಿಯುತ್ತದೆ, ಕಾಯುವಿಕೆಯೂ ಪೂರ್ತಿ ಅಳಿಯುವುದಿಲ್ಲ, ಏಕೆಂದರೆ ಒತ್ತಿಟ್ಟ ಮಾಹಿತಿಯನ್ನು ಬಿಡಿಸುವ ಹಳೆಯ ಪ್ರೊಸೆಸರಿಗೂ ತನ್ನದೇ ಮಿತಿಯಿದೆ. ಕಾಯುವುದು ತಗ್ಗಲಿ ಎಂದು ಕೊಂಡವನಿಗೆ ಈ ಡಿಸ್ಕ್ ತೃಪ್ತಿ ಕೊಡುತ್ತದೆ. ನೆರೆಮನೆಯ ಹೊಸ ಕನ್ಸೋಲಿನ ಸಮಕ್ಕೆ ತನ್ನದೂ ಬರಲಿ ಎಂದು ಕೊಂಡವನಿಗೆ ಯಾವ ಡಿಸ್ಕೂ ತೃಪ್ತಿ ಕೊಡಲಾರದು, ಏಕೆಂದರೆ ಅವನು ಕೊಳ್ಳಬಯಸಿದ್ದು ಹೋಲಿಕೆಯನ್ನು.

ಹೀಗೆಂದಮಾತ್ರಕ್ಕೆ ಅತಿ ಅಗ್ಗದ್ದೇ ಅತಿ ಧರ್ಮಸಮ್ಮತವೆಂದು ತಿಳಿಯಬಾರದು. ಕೋಶವೊಂದರಲ್ಲಿ ಮೂರು ಬಿಟ್ ಹಿಡಿಯುವ ಡಿಸ್ಕ್ ಟಿಎಲ್‌ಸಿ, ನಾಲ್ಕು ಹಿಡಿಯುವುದು ಕ್ಯೂಎಲ್‌ಸಿ. ಎರಡನೆಯದು ಅಗ್ಗವಾದರೂ ಮತ್ತೆ ಮತ್ತೆ ಬರೆಯುವುದನ್ನು ತಾಳಿಕೊಳ್ಳುವ ಶಕ್ತಿ ಅದರಲ್ಲಿ ಕಡಿಮೆ. ಒಮ್ಮೆ ಬರೆದಿಟ್ಟು ನೂರಾರು ಬಾರಿ ಓದುವುದೇ ಆಟದ ಡಿಸ್ಕಿನ ಮುಖ್ಯ ಕೆಲಸವಾದ್ದರಿಂದ ಹೆಸರುವಾಸಿ ತಯಾರಕರ, ಖಾತರಿಯಿರುವ ಕ್ಯೂಎಲ್‌ಸಿ ಡಿಸ್ಕೂ ಇಲ್ಲಿ ನಡೆಯುತ್ತದೆ. ಆದರೆ ನಂಬಲಾಗದಷ್ಟು ಕಡಿಮೆ ಬೆಲೆಗೆ ಹತ್ತಾರು ಟಿಬಿ ಎಂದು ಹೇಳಿಕೊಂಡು ಬರುವ ಡಿಸ್ಕುಗಳಲ್ಲಿ ಅನೇಕವು ಒಳಗಿರುವ ಸಣ್ಣ ಚಿಪ್ಪನ್ನು ದೊಡ್ಡದೆಂದು ಯಂತ್ರಕ್ಕೆ ಸುಳ್ಳು ಹೇಳುವಂತೆ ತಿದ್ದಿದವು. ನಿಜವಾದ ಅಳತೆ ತುಂಬಿದ ಮೇಲೆ ಬರೆದದ್ದೆಲ್ಲ ಹಾಳಾಗುತ್ತದೆ. ತೂಕದಲ್ಲಿ ಮಾಡಿದ ಮೋಸ ಬೆಲೆಯಲ್ಲಿ ಕೊಟ್ಟ ರಿಯಾಯಿತಿಯಿಂದ ಸರಿಹೋಗುವುದಿಲ್ಲವೆಂಬುದನ್ನು ತಕ್ಕಡಿಯನ್ನು ನಂಬಿ ಬದುಕುವ ಧಾನ್ಯಪೇಟೆಗೆ ಬೇರೆ ಹೇಳಬೇಕಾಗಿಲ್ಲ. ಜಿಪುಣತನ ಬೆಲೆಯನ್ನಷ್ಟೇ ನೋಡುತ್ತದೆ, ಮಿತವ್ಯಯ ಬೆಲೆಯ ಜೊತೆಗೆ ಬಾಳಿಕೆಯನ್ನೂ ನೋಡುತ್ತದೆ. ಆದ್ದರಿಂದ ಎರಡೂ ಕಡಿಮೆ ಖರ್ಚು ಮಾಡಿದರೂ ಅವುಗಳ ಗುಣ ಬೇರೆ.

ಡಿಸ್ಕಿನ ಗಾತ್ರವನ್ನು ನಿರ್ಧರಿಸುವಾಗ ಜೈನ ಶ್ರಾವಕಾಚಾರದ, ಅಂದರೆ ಗೃಹಸ್ಥರ ನಡೆಯನ್ನು ಕುರಿತ ನಿಯಮಗಳ, ವಿಚಾರವೊಂದು ಪ್ರಸ್ತುತವಾಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ, ಒಂಬತ್ತನೆಯ ಶತಮಾನದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ವಿದ್ವತ್ತಿನ ದೊಡ್ಡ ನೆಲೆಯಾಗಿತ್ತು. ಮುನಿಗೆ ಸರ್ವಸಂಗ ಪರಿತ್ಯಾಗವನ್ನು ವಿಧಿಸುವ ಜೈನಧರ್ಮ ಗೃಹಸ್ಥನಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹೇಳುತ್ತದೆ: ಹೊಲ, ಮನೆ, ಹೊನ್ನು, ಧಾನ್ಯ ಮೊದಲಾದವುಗಳನ್ನು ಎಷ್ಟರವರೆಗೆ ಇಟ್ಟುಕೊಳ್ಳಬಹುದೆಂಬ ಮೇರೆಯನ್ನು ಅವನು ಮುಂಚಿತವಾಗಿ, ತಾನೇ ಗೊತ್ತುಮಾಡಿಕೊಳ್ಳಬೇಕು. ಈ ವ್ರತದ ಬಲವಿರುವುದು ಆ ಮುಂಚಿತತನದಲ್ಲಿ, ಏಕೆಂದರೆ ಅಂಗಡಿಯ ಮುಂದೆ ನಿಂತಾಗ ಇನ್ನೂ ಸ್ವಲ್ಪ ಹಣ ಹಾಕಿದರೆ ಇಮ್ಮಡಿ ಗಾತ್ರ ಸಿಗುತ್ತದೆ ಎಂಬ ಮಾತು ಪ್ರತಿ ಮೆಟ್ಟಿಲಲ್ಲೂ ಸಮಂಜಸವೆನಿಸುತ್ತ ಹೋಗಿ, ಕೊನೆಯ ಮೆಟ್ಟಿಲು ಎಲ್ಲಿಯೂ ಕಾಣದಂತಾಗುತ್ತದೆ. ದೊಡ್ಡ ಆಟವೊಂದು 50ರಿಂದ 100 ಜಿಬಿ ಜಾಗ ಹಿಡಿಯುತ್ತದೆಂದು ಇಟ್ಟುಕೊಂಡು, ಮನೆಯಲ್ಲಿ ಏಕಕಾಲಕ್ಕೆ ನಿಜವಾಗಿ ಆಡುವ ಆಟಗಳು ಎಷ್ಟೆಂದು ಎಣಿಸಿದರೆ, 500 ಜಿಬಿ ಸಾಕೋ 1 ಟಿಬಿ ಬೇಕೋ ಎಂಬುದು ಮನೆಯಲ್ಲಿಯೇ ತೀರ್ಮಾನವಾಗುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕು. ನಾಳೆಗೆಂದು ಕೂಡಿಡಬಾರದೆಂಬುದು ಶರಣರ ನಿಲುವು. ಡಿಸ್ಕಾದರೋ ನಾಳೆಗೆಂದು ಕೂಡಿಡಲೆಂದೇ ಹುಟ್ಟಿದ ವಸ್ತು. ಹೀಗಿರುವಾಗ ಒಂದರ ನೀತಿಯನ್ನು ಇನ್ನೊಂದಕ್ಕೆ ಹೊಂದಿಸುವುದು ಹೇಗೆ? ಇದೇ ಆಕ್ಷೇಪವನ್ನು ನೆಹರು ಗಂಜ್ ಪೇಟೆಗೂ ಒಡ್ಡಬಹುದು, ಏಕೆಂದರೆ ಸುಗ್ಗಿಯಲ್ಲಿ ಬಂದ ತೊಗರಿಯನ್ನು ಗೋದಾಮಿನಲ್ಲಿ ಇಡದಿದ್ದರೆ ವರ್ಷವಿಡೀ ಯಾರಿಗೂ ಬೇಳೆ ಸಿಗುವುದಿಲ್ಲ. ಉತ್ತರವನ್ನು ದಾಸೋಹದ ಕಲ್ಪನೆಯಲ್ಲಿ ಹುಡುಕಬೇಕು. ಕಲಬುರಗಿ ಜಿಲ್ಲೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ನೆಲೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಕೃಷಿಕರಾಗಿದ್ದು, ಬೆಳೆದದ್ದನ್ನು ಹಸಿದು ಬಂದವರಿಗೆ ಬಡಿಸಿದ್ದರಿಂದಲೇ ಮಹಾದಾಸೋಹಿ ಎನಿಸಿಕೊಂಡರು. ನಿತ್ಯ ಬಡಿಸಬೇಕಾದವನ ಮನೆಯಲ್ಲಿ ಕಣಜ ಇರಲೇಬೇಕು; ಆ ಕಣಜದಿಂದ ಧಾನ್ಯ ಹೊರಗೆ ಹರಿಯುತ್ತಿದೆಯೇ ಎಂಬುದೇ ಪ್ರಶ್ನೆ. ಹರಿಯುವ ಸಂಗ್ರಹ ದಾಸೋಹದ ಅಂಗ, ನಿಂತ ಸಂಗ್ರಹ ಆಸೆಯ ಗುರುತು. ಎಸ್‌ಎಸ್‌ಡಿಯ ಒಳಗಿನ ನಿಯಮವೂ ಇದಕ್ಕೆ ದೂರವಲ್ಲ: ಹೊಸದನ್ನು ಬರೆಯಲು, ಕೋಶಗಳ ಸವೆತವನ್ನು ಎಲ್ಲೆಡೆ ಸಮನಾಗಿ ಹಂಚಲು ಅದಕ್ಕೆ ಖಾಲಿ ಜಾಗ ಬೇಕು, ಆದ್ದರಿಂದ ಅಂಚಿನವರೆಗೆ ತುಂಬಿದ ಡಿಸ್ಕಿನಲ್ಲಿ ಬರೆಯುವ ವೇಗ ಕುಸಿಯುತ್ತದೆ. ಆಡಿ ಮುಗಿಸಿದ ಆಟವನ್ನು ಅಳಿಸಿ ಜಾಗ ಬಿಡುವುದು ಯಂತ್ರಕ್ಕೂ ಹಿತ.

ಹೊರತೆಗೆದ ಹಳೆಯ ಹಾರ್ಡ್ ಡಿಸ್ಕಿನ ಗತಿಯೂ ಈ ವಿಚಾರಕ್ಕೆ ಸೇರಿದ್ದು. ಅದು ಕೆಡದೆ ಇನ್ನೂ ನಡೆಯುತ್ತಿದ್ದರೆ ಯುಎಸ್‌ಬಿ 3.0 ಪೆಟ್ಟಿಗೆಯೊಂದರಲ್ಲಿ ಕೂರಿಸಿ ಅದೇ ಕನ್ಸೋಲಿಗೆ ಹೊರಸಂಗ್ರಹವಾಗಿ ಜೋಡಿಸಬಹುದು; 2017ರಲ್ಲಿ ಬಂದ 4.50 ಆವೃತ್ತಿಯ ತಂತ್ರಾಂಶದಿಂದ ಈ ಸೌಲಭ್ಯವಿದ್ದು, ಅದಕ್ಕೆ ಕನಿಷ್ಠ 250 ಜಿಬಿ ಗಾತ್ರ ಸಾಕು. ಹೀಗೆ ಮಾಡುವಾಗ ಹಳೆಯ ಡಿಸ್ಕಿನಲ್ಲಿರುವುದೆಲ್ಲ ಅಳಿಯುವುದರಿಂದ, ಆಟದ ಉಳಿಕೆ ಕಡತಗಳನ್ನು ಮೊದಲೇ ಪೆನ್‌ಡ್ರೈವಿಗೆ ನಕಲಿಸಿಕೊಂಡು, ಹೊಸ ಡಿಸ್ಕಿನಲ್ಲಿ ತಂತ್ರಾಂಶವನ್ನು ಪೂರ್ಣವಾಗಿ ಮರುಸ್ಥಾಪಿಸಬೇಕು. ಇದೇ ಸಂದರ್ಭದಲ್ಲಿ ಕನ್ಸೋಲಿನ ಫ್ಯಾನಿಗೆ ಮೆತ್ತಿದ ಧೂಳನ್ನೂ ತೆಗೆಸುವುದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಡಿಸ್ಕ್ ಬದಲಿಸುವಷ್ಟೇ ಉಪಯುಕ್ತ. ಪೂರ್ತಿ ಕೆಟ್ಟ ಡಿಸ್ಕನ್ನಾದರೆ ಕಸದ ಬುಟ್ಟಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು ಕೊಂಡವನ ಹೊಣೆಯ ಕೊನೆಯ ಭಾಗ.

ಸಾಕೆಂಬ ನೀತಿಯನ್ನು ಯಾರು ಯಾರಿಗೆ ಹೇಳಬಹುದು ಎಂಬುದು ಉಳಿದಿರುವ ಪ್ರಶ್ನೆ, ಮತ್ತು ಇದನ್ನು ಬಿಟ್ಟರೆ ಮೇಲಿನ ವಾದ ಉಳ್ಳವರ ಕೈಯ ಅಸ್ತ್ರವಾಗುವ ಅಪಾಯವಿದೆ. ಅಡತ್ ಅಂಗಡಿಯ ಮಾಲೀಕನಿಗೆ ಅಗ್ಗದ ಡಿಸ್ಕ್ ಒಂದು ಆಯ್ಕೆ. ಮೂಟೆ ಹೊರುವ ಹಮಾಲನ ಮಗನಿಗೆ ಬಳಸಿದ ಕನ್ಸೋಲೂ ಅಗ್ಗದ ಡಿಸ್ಕೂ ಅನಿವಾರ್ಯ. ಆಯ್ಕೆಯಿಲ್ಲದವನಿಗೆ ತೃಪ್ತಿಯ ಉಪದೇಶ ಮಾಡುವುದು ಅವನ ಕೊರತೆಯನ್ನು ಅವನ ಗುಣವೆಂದು ಹೆಸರಿಸಿದಂತೆ. ಲಕ್ಕಮ್ಮನವರ ನಿರಾಕರಣೆಗೆ ನೈತಿಕ ತೂಕ ಬಂದದ್ದು ಆಕೆ ತನ್ನ ಮನೆಗೆ ಬಂದ ಅಕ್ಕಿಯನ್ನು ತಾನೇ ಅಳೆದದ್ದರಿಂದ. ಕಲ್ಯಾಣದ ಬೇರೆ ಯಾರ ಕಣಜಕ್ಕೂ ಆಕೆ ಮೇರೆ ಹಾಕಲು ಹೋಗಲಿಲ್ಲ. ಪರಿಗ್ರಹ ಪರಿಮಾಣವೂ ಗೃಹಸ್ಥ ತನಗೆ ತಾನೇ ಹಾಕಿಕೊಳ್ಳುವ ಮೇರೆ, ಭಿಕ್ಷುವಿನ ನೆನಹೂ ತನ್ನ ಬಳಕೆಯನ್ನು ಕುರಿತದ್ದು. ಮೂರು ಪರಂಪರೆಗಳೂ ಈ ಒಂದು ವಿಷಯದಲ್ಲಿ ಕೂಡುವುದರಿಂದ, ಕಡಿಮೆ ಖರ್ಚಿನ ಡಿಸ್ಕನ್ನು ಆರಿಸಿದವನು ಆ ಆಯ್ಕೆಯನ್ನು ತನ್ನ ವಿವೇಕವೆಂದು ತಿಳಿಯಬಹುದು, ಆದರೆ ಅದನ್ನು ಇನ್ನೊಬ್ಬನ ಆಸೆಯನ್ನು ತೂಗುವ ಕಲ್ಲಾಗಿ ಬಳಸುವ ಅಧಿಕಾರ ಅವನಿಗೆ ಅದರಿಂದ ಬರುವುದಿಲ್ಲ.