ಬಾಗಿಲು ತೆರೆಯುವವರೆಗೆ ಪಲ್ಲವಿ

ಮಂತ್ರಾಲಯದ ರಾಯರ ಹೆಸರಿನಲ್ಲಿ ಕನ್ನಡಕ್ಕೆ ಉಳಿದು ಬಂದಿರುವುದು ಒಂದೇ ಕೀರ್ತನೆ, ‘ಇಂದು ಎನಗೆ ಗೋವಿಂದ’. 1671ರಲ್ಲಿ ಅವರು ವೃಂದಾವನಸ್ಥರಾದ ಮಂಚಾಲೆಯನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ಆದವಾನಿಯ ನವಾಬ ಬಿಟ್ಟುಕೊಟ್ಟ ಕಥೆಯನ್ನು ಆದವಾನಿ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮುನ್ನೂರು ವರ್ಷ ಕಳೆದ ಮೇಲೆ, 1974ರ ‘ಎರಡು ಕನಸು’ ಚಿತ್ರದಲ್ಲಿ ರಾಜನ್-ನಾಗೇಂದ್ರ ಆ ಕೀರ್ತನೆಯನ್ನು ಎಸ್. ಜಾನಕಿಯವರಿಂದ ಹಾಡಿಸಿದರು. ತುಂಗಭದ್ರೆಯ ದಂಡೆಯ ಪದ ರೇಡಿಯೊ ಇದ್ದ ಮನೆಗಳಿಗೆಲ್ಲ ಹೋಯಿತು. ಸಿನಿಮಾಕ್ಕೆ, ಈಗ ವಿಡಿಯೊ ಗೇಮ್‌ಗಳಿಗೆ ಸಂಗೀತ ಕೂಡಿಸುವವರ ವೃತ್ತಿಯ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಈ ಸೀಮೆಗೇ ಬಂದು ನಿಲ್ಲುತ್ತದೆ.

ಸಿನಿಮಾದ ಸಂಗೀತಗಾರನಿಗೆ ಅಳತೆ ಗೊತ್ತಿರುತ್ತದೆ. ದೃಶ್ಯ ಎರಡು ನಿಮಿಷದ್ದಾದರೆ ಎರಡು ನಿಮಿಷಕ್ಕೆ ಬರೆದರಾಯಿತು. ನಾಯಕಿ ತಿರುಗಿ ನೋಡುವ ಕ್ಷಣ ಎಂದೂ ಬದಲಾಗುವುದಿಲ್ಲ. ಗೇಮ್‌ನಲ್ಲಿ ಹಾಗಲ್ಲ. ಆಡುವ ಹುಡುಗಿ ಸೇತುವೆಯ ಮೇಲೆ ಅರ್ಧ ಗಂಟೆ ಸುಮ್ಮನೆ ನಿಂತಾಳು, ಅಥವಾ ಒಂದೇ ಓಟಕ್ಕೆ ದಾಟಿಯಾಳು. ಅವಳು ನಿಂತಷ್ಟು ಹೊತ್ತು ಸಂಗೀತವೂ ಬೇಸರ ತರಿಸದೆ ನಿಲ್ಲಬೇಕು, ಓಡಿದಾಗ ಜೊತೆಗೆ ಓಡಬೇಕು. ಅದಕ್ಕೇ ಶ್ರುತಿ, ತಾಳ, ರಾಗದ ಎಳೆಗಳನ್ನು ಬೇರೆಬೇರೆಯಾಗಿ ಧ್ವನಿಮುದ್ರಿಸಿ, ಆಟದ ನಡೆಯನ್ನು ನೋಡಿಕೊಂಡು ಕಂಪ್ಯೂಟರ್ ಒಂದನ್ನು ಸೇರಿಸುವಂತೆ, ಇನ್ನೊಂದನ್ನು ತೆಗೆಯುವಂತೆ ಮಾಡುತ್ತಾರೆ. 1985ರ ‘ಸೂಪರ್ ಮಾರಿಯೊ’ದಲ್ಲೇ ಕೋಜಿ ಕೊಂಡೊ ಸಮಯ ಮುಗಿಯುತ್ತ ಬಂದಾಗ ಹಾಡಿನ ಓಟ ಹೆಚ್ಚುವಂತೆ ಮಾಡಿದ್ದರು. ಮೈಕೆಲ್ ಜಿಯಾಕಿನೊ ‘ಮೆಡಲ್ ಆಫ್ ಆನರ್’ನಂಥ ಗೇಮ್‌ಗಳಲ್ಲಿ ಕೈ ಪಳಗಿಸಿಕೊಂಡು ಸಿನಿಮಾಕ್ಕೆ ಬಂದವರು, ‘ಅಪ್’ ಚಿತ್ರಕ್ಕೆ ಆಸ್ಕರ್ ಪಡೆದರು.

ಇನ್ನೊಬ್ಬರ ಹೆಜ್ಜೆಗೆ ಕಾಯುವ ಈ ವಿದ್ಯೆ ನಮ್ಮಲ್ಲಿ ಹಿಂದೆಯೇ ಇತ್ತು. ಆಲೂರಿನ ಆಚೆ ಚಿಪ್ಪಗಿರಿ ಇದೆ. ಮಾನ್ವಿಯ ಕಡೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಊರು. ಗೋಪಾಳಕ್ಕೆ, ಅಂದರೆ ಹಾಡುತ್ತ ಮನೆಮನೆಯ ಭಿಕ್ಷೆಗೆ, ಹೊರಟ ದಾಸರೊಬ್ಬರನ್ನು ನೆನೆಸಿಕೊಳ್ಳಿ. ಕಾಲಲ್ಲಿ ಗೆಜ್ಜೆ, ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ. ಮನೆಯ ಮುಂದೆ ನಿಂತು ಪಲ್ಲವಿ ಎತ್ತುತ್ತಾರೆ. ಒಳಗೆ ತಾಯಿ ಮಡಿಯಲ್ಲಿದ್ದಾಳೆ, ಒಲೆಯ ಮೇಲೆ ಹಾಲಿದೆ, ಬರುವುದು ತಡವಾಗುತ್ತದೆ. ಪಲ್ಲವಿ ಮತ್ತೆ ತಿರುಗುತ್ತದೆ. ಈ ಸಲ ಸಣ್ಣದೊಂದು ಸಂಗತಿ ಬೇರೆ. ಮತ್ತೆ ತಿರುಗುತ್ತದೆ, ಚಿಟಿಕೆ ಸುಮ್ಮನಾಗಿ ತಂಬೂರಿಯೊಂದೇ ಉಳಿಯುತ್ತದೆ. ಬಾಗಿಲು ತೆರೆಯಿತು, ಹಿಡಿ ಅಕ್ಕಿ ಬುಟ್ಟಿಗೆ ಬಿತ್ತು, ಚರಣ ಮುಗಿಸಿ ಅಂಕಿತ ಹೇಳಿ ಮುಂದಿನ ಮನೆಗೆ ನಡೆದರು. ಹಾಡು ಎಷ್ಟು ಹೊತ್ತು ಎಂಬುದು ಒಳಗಿದ್ದ ಆ ತಾಯಿಯ ಕೈಯಲ್ಲಿತ್ತು. ವಿಜಯದಾಸರ ಸುಳಾದಿಗಳಂತೂ ಧ್ರುವ, ಮಠ್ಯ, ರೂಪಕ, ಝಂಪೆ ಎಂದು ಒಂದೊಂದು ನುಡಿಗೂ ತಾಳ ಬದಲಿಸುತ್ತ ಸಾಗಿ ಕೊನೆಗೆ ‘ಜತೆ’ ಎಂಬ ಮುಕ್ತಾಯದ ನುಡಿಯಲ್ಲಿ ನಿಲ್ಲುತ್ತವೆ. ಒಂದೇ ರಚನೆಯೊಳಗೆ ನಡೆ ಬದಲಿಸುವುದನ್ನು ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣುವುದಿಲ್ಲ.

ಎದುರಿನ ನಡೆ ನೋಡಿ ನುಡಿಸುವ ಇದೇ ವಿದ್ಯೆ ರಾಜನ್-ನಾಗೇಂದ್ರರ ಮನೆಯಲ್ಲೂ ಇತ್ತು. ಅವರ ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ಸಂಗೀತ ಒದಗಿಸುತ್ತಿದ್ದ ತಂಡದಲ್ಲಿದ್ದವರು, ಹಾರ್ಮೋನಿಯಂ, ಕೊಳಲು ಎರಡೂ ಬಲ್ಲವರು. ಪರದೆಯ ಮೇಲೆ ಓಡುವುದನ್ನು ನೋಡುತ್ತ ನುಡಿಸುವುದು ಅವರ ಕೆಲಸ. ಆ ಮನೆಯ ಮಕ್ಕಳು ರಾಯರ ಪದವನ್ನು ಸಿನಿಮಾಕ್ಕೆ ತಂದರೂ ಅದರ ಮೈಗೆ ನೋವಾಗದಂತೆ ತಂದರು.

2020ರಲ್ಲಿ ಪುಣೆಯ ತಂಡವೊಂದು ‘ರಾಜಿ’ ಎಂಬ ಗೇಮ್ ಹೊರತಂದಿತು. ದುರ್ಗೆ, ವಿಷ್ಣುವಿನ ಬಲದಿಂದ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕಥೆ. ಅದಕ್ಕೆ ಸಂಗೀತ ಕೊಟ್ಟವರು ಗ್ರೀಸ್ ದೇಶದ ಲಿನೋಸ್ ಟ್ಸೆಲೋಸ್. ದೂರದವರು ಬಂದು ಮಾಡಿದರೆಂಬ ಅಸಮಾಧಾನ ನನಗಿಲ್ಲ. ನಮ್ಮ ಮಕ್ಕಳಿಗೆ ಇಂಥದೊಂದು ದಾರಿ ಇದೆಯೆಂದು ಹೇಳುವವರೇ ಇಲ್ಲವಲ್ಲ, ಅದು ಮಾತ್ರ ಕಾಡುತ್ತದೆ.

ಆ ಮಕ್ಕಳನ್ನು ನೆನೆದಾಗ ಮತ್ತೆ ರಾಯರ, ದಾಸರ ಸೀಮೆಯೇ ಕಣ್ಣಮುಂದೆ ಬರುತ್ತದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದವು. ಗಡಿ ಬದಲಾದರೂ ಅಲ್ಲಿ ಕನ್ನಡ ಶಾಲೆಗಳಿವೆ, ಭಜನೆ ಹಾಡುವ ಹಿರಿಯರಿದ್ದಾರೆ. ಆ ಶಾಲೆಗಳ ಮೇಷ್ಟ್ರುಗಳಲ್ಲಿ, ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಕೈಯಲ್ಲಿ ಫೋನ್ ಕೊಟ್ಟು ಮನೆಯ ಅಜ್ಜಿಯ ಹಾಡನ್ನು ಮುದ್ರಿಸಲು ಹೇಳಿ: ತಂಬೂರಿ ಬೇರೆ, ತಾಳ ಬೇರೆ, ಕಂಠ ಬೇರೆ. ಅವನ್ನು ಕಂಪ್ಯೂಟರಿನಲ್ಲಿ ಕೂಡಿಸಿ ನೋಡಲು ಆಡಾಸಿಟಿ ತಂತ್ರಾಂಶ ಸಾಕು, ಅದಕ್ಕೆ ಕಾಸು ಕೊಡಬೇಕಿಲ್ಲ.