ಇಂದಿನ ಧಮ್ಮ ಚಿಂತನೆ: ಬೈಕ್ ಕೊಳ್ಳುವವನ ಮಾನ



ಇವತ್ತು ಬರೆಯುವ ಸರದಿ ನನ್ನದು. ಸುತ್ತವೊಂದನ್ನು ಎತ್ತಿಕೊಂಡು ಅರ್ಥ ಬಿಡಿಸುವಷ್ಟು ಓದು ನನಗಿಲ್ಲ. ಕಳೆದ ವರ್ಷ ನಾಲ್ಕು ತಿಂಗಳು ನನ್ನ ತಲೆ ತಿಂದ ಒಂದು ವಿಷಯವನ್ನೇ ಬರೆಯುತ್ತೇನೆ. ಅದು ಬೈಕಿನ ವಿಷಯ.

ವರ್ಷಾವಾಸದ ಒಂದು ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಬೈಕ್ ವಿಡಿಯೋ ನೋಡುತ್ತಿದ್ದೆ. ಹಿರಿಯ ಉಪಾಸಕರೊಬ್ಬರು ನೋಡಿ, "ಏನಪ್ಪ, ಈಗಷ್ಟೇ ತಣ್ಹಾ ಬಗ್ಗೆ ಕೇಳಿದೆ, ಆಗಲೇ ಶುರುವಾಯ್ತಾ?" ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನ್ನ ಜೊತೆ ಮನೆಗೂ ಬಂತು.

ನಾನು ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಊರು ಚಾಮರಾಜನಗರದ ಕಡೆ, 60 ಕಿಲೋಮೀಟರ್. ಹಳೆಯ 100 ಸಿಸಿ ಬೈಕಿಗೆ 13 ವರ್ಷವಾಗಿತ್ತು. ಬರೀ ಅಗತ್ಯ ನೋಡಿದರೆ ಒಂದು 125 ಸಿಸಿ ಬೈಕ್ ಧಾರಾಳವಾಗಿ ಸಾಕು. ನನಗೆ ಬೇಕಾಗಿದ್ದು ಅದಲ್ಲ. ಮೈಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದೆ ಇಂಜಿನ್, ಚಾಸಿ ಎಲ್ಲ ಕಾಣುವ ದೊಡ್ಡ ಬೈಕ್. 'ನೇಕೆಡ್' ಅಂತಾರೆ ಅದನ್ನು. ಅರ್ಥ ಕೇಳಿ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಮೊದಲು ಆ ಉಪಾಸಕರ ಮಾತಿಗೆ ಬರುತ್ತೇನೆ. ಆಸೆಯೆಲ್ಲ ತಣ್ಹಾ ಎಂದು ನಾನು ಒಪ್ಪುವುದಿಲ್ಲ. ಬಾಬಾಸಾಹೇಬರು 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ, ಧರ್ಮ ಅನ್ನುವುದು ಬಡತನವನ್ನು ದೊಡ್ಡ ಗುಣವೆಂದು ಹೊಗಳಬಾರದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ತಥಾಗತರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ. ದುಡಿದದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದೆ ಬದುಕುವ ಸುಖ. ಎರಡನೆಯದನ್ನು ನಾವು ಓದುವಾಗ ಬೇಗ ದಾಟಿಬಿಡುತ್ತೇವೆ. ಅನುಭವಿಸುವುದೂ ಸುಖ ಎಂದು ಬುದ್ಧರೇ ಎಣಿಸಿದ್ದಾರೆ. ನನ್ನ ತಮ್ಮ ಇದನ್ನೇ ಇನ್ನೂ ಒರಟಾಗಿ ಕೇಳಿದ: "ಅಣ್ಣ, ಅವರ ಮಕ್ಕಳು ತಗೊಂಡ್ರೆ ಶೋಕಿ, ನಾವು ತಗೊಂಡ್ರೆ ಮಾತ್ರ ತಣ್ಹಾನಾ?" ಅವನಿಗೆ ಉತ್ತರ ಕೊಡಲು ನನಗೆ ಇವತ್ತಿಗೂ ಆಗಿಲ್ಲ.

ಸರಿ, ಬೈಕುಗಳು. ನನ್ನ ಪಟ್ಟಿ ಮೂರಕ್ಕೆ ಬಂದು ನಿಂತಿತ್ತು. ಕೆಟಿಎಂ 390 ಡ್ಯೂಕ್, ಟ್ರಯಂಫ್ ಸ್ಪೀಡ್ 400, ಟಿವಿಎಸ್ ಅಪಾಚೆ ಆರ್‌ಟಿಆರ್ 310. ನಾನು ನೋಡಿದ್ದು ಮೂರರದ್ದೂ 2023ರಲ್ಲಿ ಬಂದ ಮಾದರಿ. ಡ್ಯೂಕ್ 46 ಪಿಎಸ್ ಶಕ್ತಿಯದು. ಆಕ್ಸಿಲರೇಟರ್ ತಿರುವಿದರೆ ಹಿಂದಿನಿಂದ ಯಾರೋ ನೂಕಿದ ಹಾಗೆ ಹೋಗುತ್ತದೆ. ಸ್ಪೀಡ್ 400ರದ್ದು 40 ಪಿಎಸ್. ಆದರೆ ಅದರ ಟಾರ್ಕ್ 37.5 ನ್ಯೂಟನ್ ಮೀಟರ್, ಡ್ಯೂಕಿನದು 39. ಎಳೆತದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಆ ಎಳೆತ ಕೆಳಗಿನ ವೇಗದಲ್ಲೇ ಸಿಗುತ್ತದೆ, ಗೇರ್ ಬದಲಾಯಿಸುವ ರಗಳೆ ಕಡಿಮೆ. ಸೀಟು 790 ಮಿಲಿಮೀಟರ್ ಎತ್ತರ, ಐದಡಿ ನಾಲ್ಕಿಂಚಿನ ನನ್ನ ಎರಡೂ ಕಾಲು ನೆಲಕ್ಕೆ ಸಿಗುತ್ತವೆ. ಅಪಾಚೆ 312 ಸಿಸಿ, 35.6 ಪಿಎಸ್. ಅದರ ಇಂಜಿನ್ನನ್ನು ಹಿಂದುಮುಂದಾಗಿ ಕೂರಿಸಿದ್ದಾರೆ, ಗಾಳಿ ಮುಂದಿನಿಂದ ಒಳಗೆ, ಹೊಗೆ ಹಿಂದಿನಿಂದ ಹೊರಗೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. 350 ಸಿಸಿವರೆಗಿನ ಬೈಕಿಗೆ ಶೇ. 28 ಇದ್ದದ್ದು 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ ಶೇ. 40 ಆಯಿತು. ದುಡ್ಡಿನ ದೃಷ್ಟಿಯಿಂದ ಅಪಾಚೆಯೇ ಜಾಣತನ.

ನನ್ನ ಸ್ನೇಹಿತರಲ್ಲಿ ಒಬ್ಬ ಡ್ಯೂಕಿನವನು, ಒಬ್ಬ ಟ್ರಯಂಫಿನವನು. ಇಬ್ಬರೂ ಚಹಾದಂಗಡಿಯಲ್ಲಿ ಜಗಳವಾಡುವುದನ್ನು ನೋಡಿದರೆ ಎರಡು ಊರುಗಳ ವೈರ ಅನ್ನಿಸುತ್ತದೆ. ಒಂದು ದಿನ ಹುಡುಕಿ ನೋಡಿದೆ. ಎರಡೂ ಬೈಕುಗಳನ್ನು ಮಾಡುವುದು ಪುಣೆಯ ಹತ್ತಿರದ ಚಾಕಣದಲ್ಲಿ, ಬಜಾಜ್ ಕಂಪನಿಯವರೇ. ಹೇಳಿದೆ. ಇಬ್ಬರೂ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಶುರುಮಾಡಿದರು!

ನಾನು ಅವರಿಗಿಂತ ವಿವೇಕಿ ಎಂದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ಮಾಡಿದೆ. ಬೆಲೆ, ಮೈಲೇಜು, ಸರ್ವಿಸ್ ಖರ್ಚು, ಶಕ್ತಿ, ಸೀಟು, ಬ್ರೇಕು, ನೋಟ, ಸದ್ದು. ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಮೊದಲ ಸಲ ಕೂಡಿದಾಗ ಅಪಾಚೆ ಗೆದ್ದಿತು. 'ನೋಟ'ದ ಅಂಕ ಹೆಚ್ಚಿಸಿದೆ. ಟ್ರಯಂಫ್ ಗೆದ್ದಿತು. 'ಸದ್ದು' ಮತ್ತು 'ಶಕ್ತಿ' ಹೆಚ್ಚಿಸಿ ಮೈಲೇಜಿನದು ಕಡಿಮೆ ಮಾಡಿದೆ. ಡ್ಯೂಕ್ ಗೆದ್ದಿತು. ಆಗ ಸಮಾಧಾನವಾಗಿ ಕಂಪ್ಯೂಟರ್ ಆರಿಸಿದೆ.

ಕೋಲಿಯರ ದೀಘಜಾಣು ಎಂಬ ಗೃಹಸ್ಥ ತಥಾಗತರ ಬಳಿ ಬಂದು, ನಾವು ಹೆಂಡತಿ ಮಕ್ಕಳ ಜೊತೆ ಇರುವವರು, ಗಂಧ, ಹೂವು, ಚಿನ್ನ ಬೆಳ್ಳಿ ಬಳಸುವವರು, ನಮಗೆ ತಕ್ಕ ಧಮ್ಮ ಹೇಳಿ ಎಂದು ಕೇಳಿದ್ದು ನಿಮಗೆ ನೆನಪಿರಬಹುದು. ಬುದ್ಧರು ಅವನಿಗೆ ಅವನ್ನೆಲ್ಲ ಬಿಡು ಎನ್ನಲಿಲ್ಲ. ತಕ್ಕಡಿ ಹಿಡಿದವನು ಎಷ್ಟು ವಾಲಿತು, ಎಷ್ಟು ಏರಿತು ಎಂದು ನೋಡುವ ಹಾಗೆ ಆದಾಯ, ವೆಚ್ಚ ನೋಡಿಕೊಂಡು ಬಾಳು ಎಂದರು. ನಾನೂ ತಕ್ಕಡಿ ಹಿಡಿದಿದ್ದೆ. ಆದರೆ ಬೆರಳು ತಟ್ಟೆಯ ಮೇಲಿತ್ತು.

ಯಾಕೆ? 'ಸದ್ದು' ನನಗೆ ಯಾಕೆ ಅಷ್ಟು ಮುಖ್ಯವಾಯಿತು? ಆ ರಾತ್ರಿ ನಿದ್ದೆ ಬರಲಿಲ್ಲ, ಉತ್ತರ ಬಂತು. ನಮ್ಮೂರಿನಲ್ಲಿ ಕೇರಿಗೆ ಹೋಗಬೇಕಾದರೆ ದೊಡ್ಡ ಬೀದಿ ದಾಟಬೇಕು. ಬೀದಿಯ ಬಾಯಲ್ಲಿ ಅರಳಿಕಟ್ಟೆ. ಅಪ್ಪ ಕೂಲಿ ಮುಗಿಸಿ ಸೈಕಲ್ಲಿನಲ್ಲಿ ಬರುವಾಗ ಅರಳಿಕಟ್ಟೆ ಹತ್ತಿರ ಇಳಿಯುತ್ತಿದ್ದ. ಸೈಕಲ್ ತಳ್ಳಿಕೊಂಡು ಬೀದಿ ದಾಟಿ, ಕೇರಿ ಬಂದ ಮೇಲೆ ಹತ್ತುತ್ತಿದ್ದ. ನಾನು ಚಿಕ್ಕವನಿದ್ದಾಗ ಮುಂದಿನ ಕಂಬಿಯ ಮೇಲೆ ಕೂತಿರುತ್ತಿದ್ದೆ, ನನ್ನನ್ನೂ ಇಳಿಸುತ್ತಿದ್ದ. ಮುಂದೆ ಕಾಲ ಬದಲಾಯಿತು, ಇಳಿ ಎಂದು ಯಾರೂ ಹೇಳುತ್ತಿರಲಿಲ್ಲ. ಅಪ್ಪ ಇಳಿಯುವುದು ನಿಲ್ಲಲಿಲ್ಲ. ನನಗೆ ಬೇಕಾಗಿದ್ದು ಆ ಬೀದಿಯಲ್ಲಿ ಕಟ್ಟೆಯ ಮೇಲೆ ಕೂತವರ ಕಿವಿಗೆ ಕೇಳುವ ಸದ್ದು.

ಇದನ್ನು ಬರೀ ಹುಡುಗಾಟ ಎನ್ನಬೇಡಿ. ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಕೊಡುವ ಉದಾಹರಣೆಗಳನ್ನು ನೋಡಿ. ಜಯಪುರ ಸಂಸ್ಥಾನದ ಚಕ್ವಾರಾದಲ್ಲಿ ನಮ್ಮವರು ಊಟದಲ್ಲಿ ತುಪ್ಪ ಬಡಿಸಿದ್ದಕ್ಕೆ ದೊಣ್ಣೆ ಹಿಡಿದು ಬಂದರು. ಗುಜರಾತಿನಲ್ಲಿ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದದ್ದೇ ಅಪರಾಧವಾಯಿತು. ಇಂದೋರಿನ ಕಡೆ ಬಲಾಯಿಗಳು ಜರಿ ಅಂಚಿನ ಪೇಟ ಸುತ್ತಬಾರದು ಎಂದು ಕಟ್ಟು ಮಾಡಿದರು. ತುಪ್ಪ, ಕೊಡ, ಪೇಟ. ಯಾವುದೂ ದೊಡ್ಡ ಆಸ್ತಿಯಲ್ಲ. ಅವು 1930ರ ದಶಕದ ಮಾತಾಯಿತು ಎನ್ನುವ ಹಾಗೂ ಇಲ್ಲ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ದಲಿತ ಕಾಲೇಜು ಹುಡುಗನ ಕೈಗಳನ್ನು ಕಡಿದರು, ಬುಲೆಟ್ ಓಡಿಸಿದ್ದೇ ಕಾರಣ ಎಂದು ಮನೆಯವರು ಹೇಳಿದರು. ಹೀಗಿರುವಾಗ ನಮ್ಮ ಹುಡುಗನ ಬೈಕ್ ಬರೀ ಬೈಕ್ ಹೇಗಾಗುತ್ತದೆ?

ಇಲ್ಲಿ ನನಗೆ ತೊಡಕಾದ ಪದ 'ಮಾನ'. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ, ನಮ್ಮ ಹಿರಿಯರು ಕಳೆದುಕೊಂಡದ್ದು, ಬಾಬಾಸಾಹೇಬರು ತಂದುಕೊಟ್ಟದ್ದು. ಪಾಲಿಯಲ್ಲೂ ಅದೇ ಮಾನ, ಆದರೆ ಅಲ್ಲಿ ಅದು ಕಳೆದುಕೊಳ್ಳಬೇಕಾದ ಬಂಧನ. ನಾನು ಮೇಲು ಎಂಬುದು ಮಾನ, ನಾನು ಕೀಳು ಎಂಬುದು ಮಾನ. ನಾನು ಸಮ ಎಂಬುದೂ ಮಾನ. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಸಮ ಎಂದು ಹೇಳಿಕೊಳ್ಳಲು ನಮಗೆ ಸಾವಿರಾರು ವರ್ಷ ಬೇಕಾಯಿತು, ಈಗ ಅದೂ ತಪ್ಪೇ?

ಈಗ ನನಗೆ ಅನ್ನಿಸುವುದು ಹೀಗೆ. ತಪ್ಪಿದ್ದರೆ ತಿದ್ದಿ. ಮಾನ ಎಂಬ ಪದಕ್ಕೆ ಅಳತೆ ಎಂಬ ಅರ್ಥವೂ ಇದೆ, ತಾಪಮಾನ, ಮಾನದಂಡ ಎನ್ನುತ್ತೇವಲ್ಲ. ದೊಡ್ಡ ಬೀದಿಯಲ್ಲಿ ಗಾಡಿ ಮೇಲೆ ಕೂತೇ ಹೋಗುವುದು ಹಕ್ಕು, ಅದಕ್ಕೆ ಯಾರ ಅಳತೆಯೂ ಬೇಡ. ಅದನ್ನು 13 ವರ್ಷದ ಹಳೆ ಬೈಕಿನಲ್ಲೂ ಮಾಡಬಹುದು, ಮಾಡಲೇಬೇಕು. ಆದರೆ ಕಟ್ಟೆಯ ಮೇಲಿನ ಐದಾರು ಜನರ ಕಣ್ಣಲ್ಲಿ ನಾನು ಎಷ್ಟು ತೂಗುತ್ತೇನೆ ಎಂದು ನೋಡಿ ಗಾಡಿ ಆರಿಸಿದರೆ, ತಕ್ಕಡಿ ಮತ್ತೆ ಅವರ ಕೈಗೇ ಹೋಯಿತು. ಅದರ ಬಾಡಿಗೆ ನಾನು ಕಟ್ಟಬೇಕು. ಎಷ್ಟೆಂದು ಲೆಕ್ಕ ಹಾಕಿದೆ. ಎರಡೂವರೆ ಲಕ್ಷ ಸಾಲ, ಶೇ. 11 ಬಡ್ಡಿ, 36 ತಿಂಗಳು. ತಿಂಗಳಿಗೆ 8,185 ರೂಪಾಯಿ, ಬಡ್ಡಿಯೇ 44,000ಕ್ಕೆ ಮೇಲೆ. ಸಿಗಾಲ ಸುತ್ತದಲ್ಲಿ ಆದಾಯದ ನಾಲ್ಕನೇ ಒಂದು ಭಾಗದಲ್ಲಿ ಜೀವನ ನಡೆಸು ಎಂದಿದೆ. ಮೈಸೂರಿನ ಮನೆ ಬಾಡಿಗೆ ಕಟ್ಟುವವನಿಗೆ ಅದು ಆಗದ ಮಾತು, ಇರಲಿ. ಆದರೂ ನನ್ನ 42,000 ಸಂಬಳದ ನಾಲ್ಕನೇ ಒಂದು ಭಾಗ 10,500. ಕಂತು ಕಟ್ಟಿದರೆ ಅದರಲ್ಲಿ ಏನು ಉಳಿಯುತ್ತದೆ? ಅನಾಥಪಿಂಡಿಕನ ಮೂರನೇ ಸುಖ ಆಗ ನೆನಪಾಯಿತು.

ಕೊನೆಗೆ ಕೊಂಡದ್ದು 2023ರ ಒಂದು ಸ್ಪೀಡ್ 400, ಸೆಕೆಂಡ್ ಹ್ಯಾಂಡ್. 14,000 ಕಿಲೋಮೀಟರ್ ಓಡಿತ್ತು. ಸಾಲ ಪೂರ್ತಿ ತಪ್ಪಲಿಲ್ಲ, ತಂಗಿಯ ಹತ್ತಿರ 30,000 ಕೈಸಾಲ ಮಾಡಿದೆ. ವಿವೇಕದಿಂದಲೇ ಆರಿಸಿದೆ ಎಂದು ಹೇಳಿದರೆ ಮುಸಾವಾದವಾಗುತ್ತದೆ. ಅದರ ಟ್ಯಾಂಕ್ ನೋಡಿದರೆ ಈಗಲೂ ಖುಷಿಯಾಗುತ್ತದೆ. ಹಿಂದಿನ ಸೀಟು ಡ್ಯೂಕಿನ ಹಾಗೆ ಮೇಲಕ್ಕೆ ಎದ್ದಿಲ್ಲ, ವಯಸ್ಸಾದವರೂ ಕೂರಬಹುದು. ಆ ಅಂಶ ನನ್ನ ಎಕ್ಸೆಲ್ ಹಾಳೆಯಲ್ಲಿ ಇರಲೇ ಇಲ್ಲ.

ಮೊದಲ ವಾರವೇ ಕಣ್ಣಿನ ಆಸ್ಪತ್ರೆಗೆ ಬಂದಿದ್ದ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೊರಟೆ. ಸಂಜೆ ಆರರ ಹೊತ್ತು. ಅರಳಿಕಟ್ಟೆ ಮೇಲೆ ಮೂರು ಜನ ಕೂತಿದ್ದರು, ಮೂವರೂ ಮೊಬೈಲ್ ನೋಡುತ್ತಿದ್ದರು. ಅಪ್ಪ ನನ್ನ ಭುಜ ತಟ್ಟಿದ.

"ನಿಲ್ಸು."

"ಕೂತ್ಕೊ ಅಪ್ಪ, ಮನೆ ಹತ್ರನೇ ಇಳಿಯುವಂತೆ."

"ಮಂಡಿ ಹಿಡ್ಕಂಡದ ಕನಪ್ಪ, ಒಸಿ ನಡೀತೀನಿ ಬುಡು."

60 ಕಿಲೋಮೀಟರ್ ಕೂತು ಬಂದಿದ್ದಕ್ಕೆ ಮಂಡಿ ಹಿಡಿದಿತ್ತೋ, ಹಳೆಯ ಅಭ್ಯಾಸವೋ, ನಾನು ಕೇಳಲಿಲ್ಲ. ಅಪ್ಪ ಇಳಿದು ಪಂಚೆ ಸರಿಮಾಡಿಕೊಂಡು ಬೀದಿಯ ನಡುವೆಯೇ ನಡೆದ. ನಾನು ಇಳಿಯಲಿಲ್ಲ. ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಕಾಲು ನೆಲಕ್ಕೆ ತಾಗಿಸುತ್ತ ಅಪ್ಪನ ಪಕ್ಕದಲ್ಲೇ ಗಾಡಿ ಬಿಟ್ಟೆ. ಕೇರಿ ಬರುವವರೆಗೂ ಅಪ್ಪ ಮೈಲೇಜು ಎಷ್ಟು ಕೊಡುತ್ತೆ ಅಂತ ಕೇಳುತ್ತಿದ್ದ.

ಜೈ ಭೀಮ್. ನಮೋ ಬುದ್ಧಾಯ.